ಸೂಪರ್‌ಹೀರೋ ಚಿತ್ರಕಥೆಗಳಲ್ಲಿ ನಿಧಾನಗತಿ: ಬೆಂಗಳೂರಿನ ಅಧ್ಯಾಯ

ಕಡಿಮೆ ಘಟನೆಗೆ ಹೆಚ್ಚು ಪುಟ ಕೊಟ್ಟು, ಒಂದೊಂದು ಕ್ಷಣವನ್ನೂ ಹಲವು ಚೌಕಗಳಲ್ಲಿ ಬಿಡಿಸಿ ತೋರಿಸುವ ನಿರೂಪಣೆಯನ್ನು ಚಿತ್ರಕಥೆಯ ನಿಧಾನಗತಿ ಎನ್ನಬಹುದು. ಅಮೆರಿಕದ ಕಾಮಿಕ್ಸ್ ವಲಯದಲ್ಲಿ ಇದಕ್ಕೆ ಡಿಕಂಪ್ರೆಷನ್ ಎಂಬ ಹೆಸರಿದೆ. ಹಳೆಯ ಸೂಪರ್‌ಹೀರೋ ಒಂದು ಚೌಕದಲ್ಲಿ ಫೋನ್ ಎತ್ತಿಕೊಂಡರೆ ಮುಂದಿನ ಚೌಕದಲ್ಲಿ ಊರಾಚೆಯ ಗೋದಾಮಿನಲ್ಲಿ ಕಳ್ಳರೆದುರು ನಿಂತಿರುತ್ತಿದ್ದ. ನಡುವಿನ ಕಾಲವನ್ನು ಮೂಲೆಯಲ್ಲಿ ಬರೆದ ‘ಸ್ವಲ್ಪ ಹೊತ್ತಿನ ನಂತರ’ ಎಂಬ ಪಟ್ಟಿ ನುಂಗಿಬಿಡುತ್ತಿತ್ತು. ನಿಧಾನಗತಿಯ ಕಥೆಯಲ್ಲಿ ಆ ಪಟ್ಟಿ ಇರುವುದಿಲ್ಲ. ಫೋನ್ ರಿಂಗಣಿಸುತ್ತದೆ, ನಾಯಕ ಅದನ್ನು ನೋಡುತ್ತಾನೆ, ಕಿಟಕಿಯಾಚೆ ಮಳೆ ಬೀಳುತ್ತದೆ, ಕೈ ಚಾಚುತ್ತಾನೆ. ಅಷ್ಟಕ್ಕೇ ಪುಟ ಮುಗಿಯಬಹುದು. ಈ ಬದಲಾವಣೆಗೆ ಕಥೆಗಾರರ ಅಭಿರುಚಿ ಬದಲಾದದ್ದೇ ಕಾರಣ ಎನ್ನುವುದು ರೂಢಿ. ಬೆಂಗಳೂರಿನ ಇತಿಹಾಸವನ್ನು ಹತ್ತಿರದಿಂದ ನೋಡಿದರೆ ಆ ವಿವರಣೆ ಸಾಲದು ಅನಿಸುತ್ತದೆ. ಕಥೆಯ ವೇಗವನ್ನು ಮೊದಲು ಗೊತ್ತುಮಾಡುವುದು ಪುಟದ ಲೆಕ್ಕ, ಅದರ ಬೆಲೆ ಮತ್ತು ಅದು ಮಾರಾಟವಾಗುವ ಜಾಗ. ಕಲಾವಿದನ ಪಾಲು ದೊಡ್ಡದೇ ಆದರೂ ಅದು ಶುರುವಾಗುವುದು ಆ ಲೆಕ್ಕದ ಒಳಗೆ. ಕನ್ನಡದಲ್ಲಿ ಓದಿದವರಿಗೆ ಸೂಪರ್‌ಹೀರೋ ಸದಾ ಅವಸರದಲ್ಲಿರುವವನಾಗಿಯೇ ಸಿಕ್ಕ. ಅದೇ ಊರಿನಲ್ಲಿ ಕೂತು ಚಿತ್ರ ಬರೆದವರು ಮಾತ್ರ ಬೇರೆ ದೇಶದ ಓದುಗರಿಗಾಗಿ ಅವನನ್ನು ನಿಧಾನವಾಗಿ ನಡೆಸಿದರು.

ಅಮೆರಿಕದ ಕಥೆಯನ್ನು ಮೂರು ಮೂಲಕಥೆಗಳ ಅಳತೆಯಲ್ಲೇ ಹೇಳಬಹುದು. 1938ರಲ್ಲಿ ಆ್ಯಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯಲ್ಲಿ ಬಂದ ಸೂಪರ್‌ಮ್ಯಾನ್ ಕಥೆ 13 ಪುಟದ್ದು. ಅವನು ಯಾವ ಗ್ರಹದಿಂದ ಬಂದ, ಹೇಗೆ ಬೆಳೆದ, ಏಕೆ ಬಲಶಾಲಿಯಾದ ಎಂಬುದೆಲ್ಲ ಅದರ ಮೊದಲ ಪುಟದಲ್ಲೇ ಮುಗಿದಿತ್ತು. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನ ಹುಟ್ಟನ್ನು ಹೇಳಲು 11 ಪುಟ ತೆಗೆದುಕೊಂಡರು. ಜೇಡ ಕಚ್ಚುವುದು, ಕುಸ್ತಿಯ ಕಣ, ಬಿಟ್ಟುಬಿಟ್ಟ ಕಳ್ಳ, ಚಿಕ್ಕಪ್ಪನ ಸಾವು, ಪಶ್ಚಾತ್ತಾಪ ಎಲ್ಲವೂ ಅಷ್ಟರಲ್ಲಿ ಬಂದವು. 2000ದಲ್ಲಿ ಬ್ರಿಯಾನ್ ಮೈಕೆಲ್ ಬೆಂಡಿಸ್ ಮತ್ತು ಮಾರ್ಕ್ ಬ್ಯಾಗ್ಲಿ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ನಲ್ಲಿ ಅದೇ ಹುಟ್ಟಿನ ಕಥೆಯನ್ನು ಏಳು ಸಂಚಿಕೆಗಳಿಗೆ, ಅಂದರೆ 150 ಪುಟಗಳಿಗೂ ಆಚೆಗೆ ಹರಡಿದರು. ಹಳೆಯ ಕಥೆಯಲ್ಲಿ ಕೆಲವೇ ಚೌಕಗಳಿಗೆ ಮೀಸಲಾಗಿದ್ದ ಚಿಕ್ಕಪ್ಪ ಇಲ್ಲಿ ಊಟದ ಮೇಜಿನಲ್ಲಿ ಕೂತು ಮಾತಾಡಿದ, ತಮಾಷೆ ಮಾಡಿದ, ಸಿಟ್ಟಾದ. ಆದ್ದರಿಂದ ಸತ್ತಾಗ ಓದುಗರಿಗೆ ಒಬ್ಬ ಮನುಷ್ಯನನ್ನು ಕಳೆದುಕೊಂಡಂತಾಯಿತು. ಇದಕ್ಕೆ ಒಂದು ವರ್ಷ ಹಿಂದೆ, 1999ರಲ್ಲಿ, ವಾರೆನ್ ಎಲ್ಲಿಸ್ ಮತ್ತು ಬ್ರಿಯಾನ್ ಹಿಚ್ ‘ದಿ ಅಥಾರಿಟಿ’ಯಲ್ಲಿ ಪುಟದಗಲದ ಚೌಕಗಳನ್ನು ಸಿನಿಮಾ ಪರದೆಯಂತೆ ಬಳಸಿ, ಒಂದು ಕಾಳಗಕ್ಕೆ ಹತ್ತಾರು ಪುಟ ಕೊಡುವ ರೀತಿಯನ್ನು ಜನಪ್ರಿಯಗೊಳಿಸಿದ್ದರು.

ಈ ಹೊತ್ತಿನಲ್ಲೇ ಇದೆಲ್ಲ ಏಕೆ ಆಯಿತು? 1990ರ ದಶಕದ ಕೊನೆಗೆ ಅಮೆರಿಕದ ಪ್ರಕಾಶಕರು ಐದಾರು ಮಾಸಿಕ ಸಂಚಿಕೆಗಳನ್ನು ಕೂಡಿಸಿ ಬೆನ್ನುಪಟ್ಟಿಯುಳ್ಳ ಪುಸ್ತಕವಾಗಿ ಸಾಮಾನ್ಯ ಪುಸ್ತಕದಂಗಡಿಗಳಲ್ಲಿ ಮಾರುವುದನ್ನು ಹೆಚ್ಚಿಸಿದ್ದರು. ಮಾಸಿಕ ಸಂಚಿಕೆ ಒಂದು ತಿಂಗಳಲ್ಲಿ ಹಳತಾಗುತ್ತದೆ, ಪುಸ್ತಕ ವರ್ಷಗಟ್ಟಲೆ ಮಾರಾಟವಾಗುತ್ತದೆ. ಹಾಗಾಗಿ ಕಥೆಯ ಅಳತೆಗೋಲು 22 ಪುಟದ ಸಂಚಿಕೆಯಾಗಿ ಉಳಿಯದೆ 130 ಪುಟದ ಪುಸ್ತಕವಾಯಿತು. ನಿಧಾನಗತಿ ಬಂದದ್ದು ಜಪಾನಿನ ಮಾಂಗಾದಿಂದ, ಮಾರುಕಟ್ಟೆಯಿಂದಲ್ಲ ಎಂಬ ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. 1947ರಲ್ಲಿ ಒಸಾಮು ತೆಝುಕಾ ತನ್ನ ‘ಹೊಸ ನಿಧಿದ್ವೀಪ’ವನ್ನು ಓಡುವ ಕಾರಿನ ಹಲವು ಚೌಕಗಳಿಂದ ಶುರುಮಾಡಿದ್ದು, 1970ರಲ್ಲಿ ಆರಂಭವಾದ ‘ಲೋನ್ ವುಲ್ಫ್ ಆ್ಯಂಡ್ ಕಬ್’ ಮೌನದ ಪುಟಗಳನ್ನು ಧಾರಾಳವಾಗಿ ಬಳಸಿದ್ದು, ಅದು 1987ರಲ್ಲಿ ಫ್ರ್ಯಾಂಕ್ ಮಿಲ್ಲರ್ ಬರೆದ ಮುಖಪುಟಗಳೊಂದಿಗೆ ಇಂಗ್ಲಿಷಿಗೆ ಬಂದದ್ದು, ಕತ್ಸುಹಿರೊ ಒತೊಮೊ ಅವರ ‘ಅಕಿರಾ’ ಮರುವರ್ಷ ಅಮೆರಿಕದಲ್ಲಿ ಪ್ರಕಟವಾಗತೊಡಗಿದ್ದು ಎಲ್ಲವೂ ನಿಜ. ಆದರೆ ಮಾಂಗಾಕ್ಕೆ ಆ ಧಾರಾಳತನ ಬಂದದ್ದು ಎಲ್ಲಿಂದ? ಅಗ್ಗದ ಕಾಗದದ ಮೇಲೆ ಕಪ್ಪು ಬಿಳುಪಿನಲ್ಲಿ ಅಚ್ಚಾಗುವ, ನೂರಾರು ಪುಟದ ವಾರಪತ್ರಿಕೆಗಳಿಂದ. ಅಲ್ಲಿ ಪುಟ ಅಗ್ಗ, ಆದ್ದರಿಂದ ಮೌನವೂ ಅಗ್ಗ. ಜಪಾನಿನ ಉದಾಹರಣೆ ಪುಟದ ಲೆಕ್ಕದ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಹುವುದಿಲ್ಲ.

ಕನ್ನಡದಲ್ಲಿ ಈ ಲೆಕ್ಕ ಹೇಗೆ ಕೆಲಸ ಮಾಡಿತು ಎಂಬುದಕ್ಕೆ ಫ್ಯಾಂಟಮ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಲೀ ಫಾಕ್ 1936ರ ಫೆಬ್ರವರಿ 17ರಂದು ಆರಂಭಿಸಿದ ಈ ಪಟ್ಟಿಚಿತ್ರ ದಿನಪತ್ರಿಕೆಗಾಗಿ ಹುಟ್ಟಿದ್ದು. ದಿನಕ್ಕೆ ಮೂರು ನಾಲ್ಕು ಚೌಕ, ಒಂದು ಕಥೆಗೆ ಹಲವು ತಿಂಗಳು. ನಿನ್ನೆಯದನ್ನು ಮರೆತಿರಬಹುದಾದ ಓದುಗನಿಗಾಗಿ ಇಂದಿನ ಮೊದಲ ಚೌಕ ನಿನ್ನೆಯ ಕೊನೆಯನ್ನು ನೆನಪಿಸಬೇಕು, ಕೊನೆಯ ಚೌಕ ನಾಳೆಗೆ ಕುತೂಹಲ ಉಳಿಸಬೇಕು. ಹಾಗಾಗಿ ಮೂಲದಲ್ಲಿ ಫ್ಯಾಂಟಮ್ ನಿಧಾನದ ನಾಯಕನೇ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಅವನನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ತಂದಾಗ, ತಿಂಗಳುಗಟ್ಟಲೆ ಹರಿದ ಪಟ್ಟಿಯನ್ನು ಸುಮಾರು 28 ಪುಟದೊಳಗೆ ಕೂರಿಸಬೇಕಾಯಿತು. ಕೆಲವು ಸಂಚಿಕೆಗಳಲ್ಲಿ ಕಥೆಗೆ ಸಿಕ್ಕದ್ದು ಬರೀ 16 ಪುಟ. ಉಳಿದ ಪುಟಗಳಿಗೆ ಬೇರೆ ಸಾಮಗ್ರಿ ಸೇರುತ್ತಿತ್ತು. ಚೌಕಗಳನ್ನು ಕತ್ತರಿಸಿದರು, ಕೆಲವನ್ನು ಬಿಟ್ಟೇಬಿಟ್ಟರು. ಕತ್ತರಿಗೆ ಮೊದಲು ಸಿಕ್ಕಿದ್ದು ಕಥೆಯನ್ನು ಮುಂದೆ ತಳ್ಳದ ಚೌಕಗಳೇ ಆಗಿರಬೇಕು: ಮರದ ಕೆಳಗೆ ಮೌನವಾಗಿ ಕೂತ ಫ್ಯಾಂಟಮ್, ಕಾಡಿನ ಹಾದಿಯಲ್ಲಿ ಕುದುರೆ, ಮತ್ತೆ ಮತ್ತೆ ಬರುವ ನೆನಪಿನ ಚೌಕ. ಅದೇ ಫ್ಯಾಂಟಮ್ 1965ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆಯಲ್ಲಿ ಕಂತುಕಂತಾಗಿಯೂ ಬಂದ. ಅಲ್ಲಿ ಓದುಗರು ಅವನಿಗಾಗಿ ವಾರವಿಡೀ ಕಾದರು. ಒಂದೇ ನಾಯಕ, ಒಂದೇ ಚಿತ್ರಶೈಲಿ, ಒಂದೇ ಭಾಷೆ. ಪತ್ರಿಕೆಯಲ್ಲಿ ಒಂದು ವೇಗ, ಪುಸ್ತಿಕೆಯಲ್ಲಿ ಇನ್ನೊಂದು. ಕಥೆಗಾರನ ಮನೋಧರ್ಮ ಬದಲಾಗದೆಯೇ ಕಥೆಯ ನಡಿಗೆ ಬದಲಾದ ಇಂಥ ನಿದರ್ಶನ ಅಪರೂಪ, ಮತ್ತು ಅದು ನಮ್ಮ ಭಾಷೆಯಲ್ಲೇ ಇದೆ.

ಅಕ್ಷರದ ಕೈವಾಡವನ್ನೂ ಇಲ್ಲಿ ಮರೆಯಬಾರದು. ಮಾತಿನ ಗುಳ್ಳೆಗಳನ್ನು ಇಂಗ್ಲಿಷಿನ ದೊಡ್ಡಕ್ಷರದ ಅಳತೆಗೆ ಬರೆದಿರುತ್ತಾರೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿನ ನಾಲ್ಕು ಸಾಲು ಹಿಡಿಸುವ ಗುಳ್ಳೆಯಲ್ಲಿ ಓದುವಂತಿರುವ ಕನ್ನಡ ಅಷ್ಟು ಸಾಲು ಹಿಡಿಸುವುದಿಲ್ಲ. ಅನುವಾದಕರು ಮಾತನ್ನು ಮೊಟಕು ಮಾಡಲೇಬೇಕಿತ್ತು. ಆಗ ಪಾತ್ರಗಳು ಯೋಚಿಸಿ ಮಾತಾಡುವುದಕ್ಕಿಂತ ತೀರ್ಮಾನ ಹೇಳಿ ಮುಗಿಸುತ್ತವೆ, ಕಥೆಗೆ ಇನ್ನಷ್ಟು ಬಿರುಸು ಬರುತ್ತದೆ. ಮಾರಾಟದ ದಾರಿಯೂ ಅತ್ತಲೇ ಎಳೆಯಿತು. ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಕೊಂಡ ಪ್ರಯಾಣಿಕನಿಗೆ ಇಳಿಯುವ ಊರು ಬರುವಷ್ಟರಲ್ಲಿ ಕಥೆ ಮುಗಿಯಬೇಕು. ಯಶವಂತಪುರ, ಆರ್.ಟಿ. ನಗರದಂಥ ಬಡಾವಣೆಗಳ ಬಾಡಿಗೆ ಗ್ರಂಥಾಲಯಗಳಲ್ಲಿ ಒಂದೊಂದೇ ಪ್ರತಿ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲದಲ್ಲಿ, ಆರು ಸಂಚಿಕೆಗೆ ಹರಡಿದ ಕಥೆಯ ನಾಲ್ಕನೆಯದು ಕಳೆದುಹೋದರೆ ಉಳಿದ ಐದೂ ವ್ಯರ್ಥ. ತನ್ನಷ್ಟಕ್ಕೆ ಪೂರ್ಣವಾದ ಪುಸ್ತಿಕೆಯೇ ಅಲ್ಲಿ ಬಾಳಿಕೆ ಬರುವ ಸರಕು. ಇಂದ್ರಜಾಲ 800ಕ್ಕೂ ಹೆಚ್ಚು ಸಂಚಿಕೆಗಳನ್ನು ತಂದು 1990ರಲ್ಲಿ ನಿಲ್ಲುವವರೆಗೆ ಬಹುಮಟ್ಟಿಗೆ ಈ ಲೆಕ್ಕವನ್ನೇ ಪಾಲಿಸಿತು.

ಅಮರ ಚಿತ್ರಕಥೆಯನ್ನು ಸೂಪರ್‌ಹೀರೋ ಸಾಹಿತ್ಯ ಎನ್ನಲಾಗದಿದ್ದರೂ ಇಲ್ಲಿ ಅದನ್ನು ಬಿಡುವಂತಿಲ್ಲ, ಏಕೆಂದರೆ ಅದರ ಬೇರು ಬೆಂಗಳೂರಿನಲ್ಲಿದೆ. ಪ್ರಕಾಶನ ಸಂಸ್ಥೆ ಐಬಿಹೆಚ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ 1965ರಲ್ಲಿ ಕನ್ನಡದಲ್ಲಿ ಚಿತ್ರಕಥೆಗಳನ್ನು ಹೊರತಂದರು. ಆ ಮೊದಲ ಹತ್ತು ಪಾಶ್ಚಾತ್ಯ ಅದ್ಭುತಕಥೆಗಳು. ಅದರ ಯಶಸ್ಸಿನ ನಂತರ ಮುಂಬೈಯಲ್ಲಿ ಅನಂತ ಪೈ ಸಾರಥ್ಯದಲ್ಲಿ ಮಾಲೆ ಬೆಳೆಯಿತು, ಹನ್ನೊಂದನೆಯದಾಗಿ ‘ಕೃಷ್ಣ’ ಬಂತು. 32 ಪುಟದಲ್ಲಿ ಒಂದು ಇಡೀ ಜೀವನ ಎಂಬುದು ಈ ಮಾಲೆಯ ಕರಾರು. ಹುಟ್ಟು, ಬಾಲ್ಯ, ಗುರುಕುಲ, ಯುದ್ಧ, ಪಟ್ಟಾಭಿಷೇಕ ಎಲ್ಲ ಅದರೊಳಗೆ. ಎರಡು ತಲೆಮಾರಿನ ಕನ್ನಡ ಮಕ್ಕಳು ಚಿತ್ರಕಥೆ ಎಂದರೆ ಹೀಗೆಯೇ ಇರುತ್ತದೆ ಎಂದುಕೊಂಡರು. ಆದರೆ ಇದೇ ಸಂಸ್ಥೆ 1980ರ ದಶಕದಲ್ಲಿ ಮಹಾಭಾರತವನ್ನು 42 ಸಂಚಿಕೆಗಳ ಸರಣಿಯಾಗಿ ತರಲು ನಿರ್ಧರಿಸಿದಾಗ, ಹಿಂದೆ ಒಂದೇ ಚೌಕದಲ್ಲಿ ಸಾಗುತ್ತಿದ್ದ ಸಭೆಗಳಿಗೆ ಪುಟಗಳೇ ಸಿಕ್ಕವು, ಮುಖಗಳ ಮೇಲೆ ಹಿಂಜರಿಕೆ ಮೂಡಲು ಎಡೆಯಾಯಿತು. ಮಕ್ಕಳ ಪತ್ರಿಕೆ ‘ಬಾಲಮಂಗಳ’ದಲ್ಲಿ ಬಂದ ಡಿಂಗನದು ಇನ್ನೊಂದು ತುದಿ. ಹಾರಬಲ್ಲ ಈ ಇಲಿ ಬಹುಶಃ ಕನ್ನಡ ಮಕ್ಕಳು ಅತಿ ಹೆಚ್ಚು ಪ್ರೀತಿಸಿದ ಸೂಪರ್‌ಹೀರೋ, ಮತ್ತು ಅವನ ಸಾಹಸಕ್ಕೆ ಸಿಗುತ್ತಿದ್ದುದು ಪತ್ರಿಕೆಯ ಕೆಲವೇ ಪುಟ. ಕಷ್ಟದಲ್ಲಿರುವ ಪ್ರಾಣಿ ಕೂಗುತ್ತದೆ, ಡಿಂಗ ಬರುತ್ತಾನೆ, ದುಷ್ಟ ಸೋಲುತ್ತಾನೆ.

ಬೆಂಗಳೂರಿನ ಸ್ವಂತ ಸೂಪರ್‌ಹೀರೋ ಉದ್ಯಮ ಶುರುವಾಗುವುದು ಇದರ ನಂತರ. ಮಾರ್ವೆಲ್ ಮತ್ತು ಡಿಸಿ ಕಾಮಿಕ್ಸ್‌ಗಳನ್ನು ಭಾರತದಲ್ಲಿ ಮರುಮುದ್ರಿಸುತ್ತಿದ್ದ ಗೋಥಂ ಸಂಸ್ಥೆ 2004ರಲ್ಲಿ ‘ಸ್ಪೈಡರ್‌ಮ್ಯಾನ್: ಇಂಡಿಯಾ’ವನ್ನು ತಂದಿತು, ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಜೆ. ಕಾಂಗ್ ಅದರ ಕರ್ತೃಗಳು. ಇದರ ನಾಯಕ ಪವಿತ್ರ್ ಪ್ರಭಾಕರ್ ಧೋತಿಯುಟ್ಟ ಹುಡುಗ, ಶಕ್ತಿ ಕೊಡುವವನು ಒಬ್ಬ ಯೋಗಿ. ಒಟ್ಟು ನಾಲ್ಕೇ ಸಂಚಿಕೆ. ಅಷ್ಟರಲ್ಲಿ ಹುಟ್ಟಿನ ಕಥೆ, ಚಿಕ್ಕಪ್ಪ ಭೀಮನ ಸಾವು, ಗಾಬ್ಲಿನ್‌ನ ಭಾರತೀಯ ಅವತಾರ, ಇನ್ನೂ ಇಬ್ಬರು ಖಳರು. ಅದೇ ವರ್ಷಗಳಲ್ಲಿ ಬೆಂಡಿಸ್ ಇದೇ ವಿಷಯವನ್ನು ವರ್ಷಗಟ್ಟಲೆ ಹಿಗ್ಗಿಸಿ ಹೇಳುತ್ತಿದ್ದರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡು ವರ್ಷದ ನಂತರ ರಿಚರ್ಡ್ ಬ್ರಾನ್ಸನ್ ಅವರ ವರ್ಜಿನ್ ಬಳಗದೊಂದಿಗೆ ಸೇರಿ ಇದೇ ತಂಡ ವರ್ಜಿನ್ ಕಾಮಿಕ್ಸ್ ಕಟ್ಟಿತು. ಪ್ರಕಾಶನದ ಕಚೇರಿ ನ್ಯೂಯಾರ್ಕಿನಲ್ಲಿ, ಚಿತ್ರಶಾಲೆ ಬೆಂಗಳೂರಿನಲ್ಲಿ. ಈಗ ಅಳತೆಗೋಲು ಬದಲಾಗಿತ್ತು: ಮೊದಲು ಮಾಸಿಕ ಸಂಚಿಕೆ, ಆಮೇಲೆ ಅಮೆರಿಕದ ಪುಸ್ತಕದಂಗಡಿಗೆ ಹೋಗುವ ಸಂಕಲನ. ಅದೇ ಊರಿನ ಚಿತ್ರಕಾರರ ಪುಟ ಕೂಡಲೇ ನಿಧಾನವಾಯಿತು. ಶೇಖರ್ ಕಪೂರ್ ಕಲ್ಪಿಸಿದ ‘ದೇವಿ’ಯಲ್ಲಿ ಸೀತಾಪುರ ಎಂಬ ನಗರದ ತಾರಾ ಮೆಹ್ತಾ ದೇವಿಯಾಗಿ ಎದ್ದು ನಿಲ್ಲುವುದಕ್ಕೆ ಹಲವು ಸಂಚಿಕೆ ಬೇಕಾಯಿತು. ಮುಕೇಶ್ ಸಿಂಗ್ ಅವರ ಚೌಕಗಳಲ್ಲಿ ನಗರದ ಬೆಳಕು, ಹೊಗೆ, ಬಟ್ಟೆಯ ಮಡಿಕೆ ಎಲ್ಲಕ್ಕೂ ಸಮಯವಿದೆ. ‘ರಾಮಾಯಣ 3392 ಎ.ಡಿ.’ಯಲ್ಲಿ ಅಭಿಷೇಕ್ ಸಿಂಗ್ ಕಾಡನ್ನು ಪುಟದ ತುಂಬ ಹರಡಿದರು. ‘ಸ್ನೇಕ್‌ವುಮನ್’ಗೆ ಚಿತ್ರ ಬರೆದ ಮೈಕೆಲ್ ಗೇಡೋಸ್, ಬೆಂಡಿಸ್ ಅವರ ‘ಏಲಿಯಸ್’ ಸರಣಿಯಲ್ಲಿ ಮಾತಾಡುವ ಮುಖಗಳನ್ನೇ ಚೌಕದಿಂದ ಚೌಕಕ್ಕೆ ಹಿಡಿದಿಡುವ ಶೈಲಿಯನ್ನು ಪಳಗಿಸಿದವರು. ನಿಧಾನಗತಿಯ ಮುಖ್ಯಧಾರೆ ಹೀಗೆ ನೇರವಾಗಿ ಬೆಂಗಳೂರಿನಲ್ಲಿ ಚಿತ್ರಶಾಲೆಯಿದ್ದ ಸಂಸ್ಥೆಯೊಂದರ ಪಟ್ಟಿಗೆ ಬಂತು.

ಈ ಮಾದರಿಯ ಅಪಾಯವೂ ಅಷ್ಟೇ ಬೇಗ ಕಂಡಿತು. 2008ರ ಆಗಸ್ಟ್‌ನಲ್ಲಿ ವರ್ಜಿನ್ ಕಾಮಿಕ್ಸ್ ನ್ಯೂಯಾರ್ಕ್ ಕಚೇರಿ ಮುಚ್ಚಿತು. ವ್ಯವಸ್ಥಾಪಕರೇ ಸಂಸ್ಥೆಯನ್ನು ಕೊಂಡು ಲಿಕ್ವಿಡ್ ಕಾಮಿಕ್ಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರೂ ಮಾಸಿಕ ಸರಣಿಗಳ ಓಟ ನಿಂತಿತು. 28 ಪುಟದ ಇಂದ್ರಜಾಲ ಯಾವ ವಾರ ನಿಂತಿದ್ದರೂ ಓದುಗನ ಕೈಯಲ್ಲಿ ಪೂರ್ಣ ಕಥೆಯೊಂದು ಇರುತ್ತಿತ್ತು. ನಿಧಾನದ ಕಥೆ ಪ್ರಕಾಶಕನ ಆಯುಸ್ಸನ್ನು ನಂಬಿ ಸಾಲ ಮಾಡಿದಂತೆ. ಆ ಆಯುಸ್ಸು ಮುಗಿದರೆ ಓದುಗನಿಗೆ ಉಳಿಯುವುದು ಪೀಠಿಕೆ ಮಾತ್ರ.

ನಿಧಾನಗತಿಯ ಮೇಲಿನ ಅತಿ ಸಾಮಾನ್ಯ ಆಕ್ಷೇಪ ಇದಕ್ಕೆ ಹತ್ತಿರದ್ದು: ಇದು ಕಲೆಯಲ್ಲ, ಒಂದು ಕಥೆಯ ಬೆಲೆಗೆ ಆರು ಸಂಚಿಕೆ ಮಾರುವ ಉಪಾಯ. ಪುಟದ ಲೆಕ್ಕವೇ ವೇಗವನ್ನು ಗೊತ್ತುಮಾಡುತ್ತದೆ ಎಂದು ವಾದಿಸುವವರು ಈ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಅದರಲ್ಲಿ ಹುರುಳಿದೆ. 2000ದ ನಂತರ ಬಂದ ಎಷ್ಟೋ ಸರಣಿಗಳಲ್ಲಿ ಐದು ನಿಮಿಷದಲ್ಲಿ ಓದಿ ಮುಗಿಯುವ, ಏನೂ ಆಗದ ಸಂಚಿಕೆಗಳಿವೆ. ನಿಧಾನಗತಿಗೆ ದಾರಿ ಮಾಡಿದ ವಾರೆನ್ ಎಲ್ಲಿಸ್ ಅವರೇ 2005ರಲ್ಲಿ ‘ಫೆಲ್’ ಎಂಬ ಸರಣಿ ತಂದು, 16 ಪುಟದಲ್ಲಿ ಒಂದು ಪೂರ್ಣ ಕಥೆಯನ್ನು ಕಡಿಮೆ ಬೆಲೆಗೆ ಕೊಟ್ಟರು. ಆದರೆ ಸಿಕ್ಕ ಪುಟವನ್ನು ತುಂಬಿಸುವುದೂ ಬಳಸುವುದೂ ಬೇರೆ ಬೇರೆ. ಅಲ್ಟಿಮೇಟ್ ಸ್ಪೈಡರ್‌ಮ್ಯಾನ್‌ನ ಚಿಕ್ಕಪ್ಪನಿಗೆ ಸಿಕ್ಕ ಪುಟಗಳು ಓದುಗನ ದುಃಖವಾಗಿ ಮರಳಿದವು, ಅವು ವ್ಯರ್ಥವಾಗಲಿಲ್ಲ. ಪುಟ ಸಿಗದಿದ್ದಾಗಲೂ ನಿಧಾನವನ್ನು ಸಾಧಿಸಬಹುದು ಎಂಬುದಕ್ಕೆ 1955ರಲ್ಲಿ ಬರ್ನಾರ್ಡ್ ಕ್ರಿಗ್‌ಸ್ಟೀನ್ ಚಿತ್ರಿಸಿದ ‘ಮಾಸ್ಟರ್ ರೇಸ್’ ಸಾಕ್ಷಿ. ಅದು ಸೂಪರ್‌ಹೀರೋ ಕಥೆಯಲ್ಲ, ನಾಜಿ ಶಿಬಿರದ ಅಧಿಕಾರಿಯೊಬ್ಬನ ಕಥೆ. ಆರು ಪುಟ ಕೊಟ್ಟಿದ್ದರು, ಅವರು ಹನ್ನೆರಡು ಕೇಳಿದರು, ಎಂಟು ಸಿಕ್ಕಿತು. ಸಿಕ್ಕ ಎಂಟರಲ್ಲಿ ಚೌಕಗಳನ್ನು ಸಣ್ಣ ಪಟ್ಟಿಗಳಾಗಿ ಸೀಳಿ ರೈಲಿನ ಮುಂದೆ ಬೀಳುವ ಮನುಷ್ಯನ ಕ್ಷಣವನ್ನು ಹಿಗ್ಗಿಸಿದರು. 1968ರಲ್ಲಿ ಜಿಮ್ ಸ್ಟೆರಾಂಕೊ ನಿಕ್ ಫ್ಯೂರಿಯ ಮೊದಲ ಸಂಚಿಕೆಯನ್ನು ಮೂರು ಪುಟಗಳ ಪೂರ್ಣ ಮೌನದಿಂದ ಆರಂಭಿಸಿದರು. ಇಂಥವರು ಲೆಕ್ಕವನ್ನು ಮೀರಲಿಲ್ಲ, ಅದರೊಡನೆ ಜಗಳವಾಡಿ ಜಾಗ ಪಡೆದರು. ಪುಟದ ಲೆಕ್ಕವನ್ನು ಒಪ್ಪಿಕೊಳ್ಳುವುದರಿಂದ ಕಲಾವಿದನ ಗೌರವ ಕುಗ್ಗುವುದಿಲ್ಲ, ಅವನು ಎಲ್ಲಿ ಹೋರಾಡಿದ ಎಂಬುದು ಸ್ಪಷ್ಟವಾಗುತ್ತದೆ.

ಇನ್ನೊಂದು ಆಕ್ಷೇಪ ನಮ್ಮ ಓದುಗರ ಬಗ್ಗೆ: ಕನ್ನಡಿಗರಿಗೆ ಕಥೆ ಮುಂದೆ ಸಾಗುತ್ತಿರಬೇಕು, ನಿಧಾನ ಒಗ್ಗುವುದಿಲ್ಲ, ಆದ್ದರಿಂದಲೇ ಇಲ್ಲಿ ಬಂದದ್ದು ಬಿಗಿಯಾದ ಕಥೆಗಳು. ಇದನ್ನು ಒಪ್ಪುವುದು ಕಷ್ಟ. ಕರಾವಳಿಯ ಬಯಲಾಟದಲ್ಲಿ ಒಡ್ಡೋಲಗದ ವೇಷವೊಂದು ತೆರೆಯ ಹಿಂದಿನಿಂದ ಅಷ್ಟಿಷ್ಟೇ ಕಾಣಿಸಿಕೊಂಡು, ಕುಣಿದು, ತನ್ನ ಪರಿಚಯ ಹೇಳಿಕೊಳ್ಳುವ ಹೊತ್ತಿಗೆ ರಾತ್ರಿ ಸಾಕಷ್ಟು ಕಳೆದಿರುತ್ತದೆ. ಕಥೆ ಆ ಹೊತ್ತಿನಲ್ಲಿ ಒಂದಿಂಚೂ ಮುಂದೆ ಹೋಗಿರುವುದಿಲ್ಲ, ಜನ ಎದ್ದೂ ಹೋಗಿರುವುದಿಲ್ಲ. ಗಮಕಿಗಳು ಕುಮಾರವ್ಯಾಸನ ಒಂದು ಪದ್ಯವನ್ನು ರಾಗದಲ್ಲಿ ಎಳೆದು, ವ್ಯಾಖ್ಯಾನಕಾರರು ಅದರ ಸುತ್ತ ಮಾತು ಬೆಳೆಸುವುದನ್ನು ತಿಂಗಳುಗಟ್ಟಲೆ ಕೇಳಿದ ನಾಡಿದು. ವಾರಪತ್ರಿಕೆಯ ಧಾರಾವಾಹಿಯನ್ನು ವರ್ಷವಿಡೀ ಕಾದು ಓದಿದವರೂ ಇದೇ ಜನ. ಬಯಲಾಟವೇ ಕಾಲಮಿತಿಗೆ ಇಳಿದು ಮೂರು ಗಂಟೆಯ ಪ್ರದರ್ಶನವಾದಾಗ ಮೊದಲು ಮೊಟಕಾದದ್ದು ಆ ಒಡ್ಡೋಲಗವೇ. ಪ್ರೇಕ್ಷಕರ ರಸಿಕತೆ ಒಂದು ರಾತ್ರಿಯಲ್ಲಿ ಬದಲಾಗಲಿಲ್ಲ. ಸಿಗುತ್ತಿದ್ದ ಹೊತ್ತು ಬದಲಾಯಿತು. ಕನ್ನಡ ಚಿತ್ರಕಥೆಗೆ ನಿಧಾನ ಸಿಗದೆ ಹೋದದ್ದು ಕೇಳುಗರಿಲ್ಲದೆ ಅಲ್ಲ, ಹಾಸಲು ಪುಟವಿಲ್ಲದೆ.

ಪುಟ ಸಿಕ್ಕ ಕಡೆ ಏನಾಯಿತು ಎಂಬುದನ್ನೂ ಬೆಂಗಳೂರೇ ತೋರಿಸಿದೆ. ಅಪ್ಪುಪೆನ್ ಎಂಬ ಹೆಸರಿನಲ್ಲಿ ಬರೆಯುವ ಜಾರ್ಜ್ ಮಾತೆನ್ 2009ರಲ್ಲಿ ‘ಮೂನ್‌ವರ್ಡ್’, 2013ರಲ್ಲಿ ‘ಲೆಜೆಂಡ್ಸ್ ಆಫ್ ಹಾಲಾಹಲ’ ತಂದರು. ಎರಡನೆಯದರಲ್ಲಿ ಮಾತೇ ಇಲ್ಲ. ಮಾಸಿಕದ ಹಂಗಿಲ್ಲದೆ ನೇರವಾಗಿ ಪುಸ್ತಕವಾಗಿ ಬಂದದ್ದರಿಂದ ಅವು ಎಷ್ಟು ಬೇಕೋ ಅಷ್ಟು ಹೊತ್ತು ತೆಗೆದುಕೊಂಡವು, ಮತ್ತು ಎರಡನೆಯದು ಮಾತಿಲ್ಲದ್ದರಿಂದ ಕನ್ನಡಿಗರಿಗೂ ಅನುವಾದವಿಲ್ಲದೆ ದಕ್ಕುವಂತಿದೆ. 1996ರಲ್ಲಿ ಗೀತಾ ನಾರಾಯಣನ್ ಅವರ ಮುಂದಾಳತನದಲ್ಲಿ ಯಲಹಂಕ ಉಪನಗರದಲ್ಲಿ ಆರಂಭವಾದ ಸೃಷ್ಟಿ ಕಲಾ ವಿನ್ಯಾಸ ಸಂಸ್ಥೆಯಂಥ ಕಡೆಗಳಿಂದ ದೃಶ್ಯಕಥನ ಬಲ್ಲ ಯುವಜನರು ವರ್ಷವರ್ಷವೂ ಹೊರಬರುತ್ತಿದ್ದಾರೆ. ಉತ್ತರ ಬೆಂಗಳೂರಿನಲ್ಲಿ ಕೈಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು 130 ಪುಟದ ಕನ್ನಡ ಚಿತ್ರಕಥೆಯನ್ನು ಅಚ್ಚುಹಾಕಿ, ಬಣ್ಣದ ಖರ್ಚು ಹೊತ್ತು, ಮಾರಾಟವಾಗುವವರೆಗೆ ಕಾಯಬಲ್ಲ ಪ್ರಕಾಶನಕ್ಕೆ. ಜಪಾನಿನಂತೆ ಕಪ್ಪು ಬಿಳುಪಿನ ಅಗ್ಗದ ಕಾಗದದಲ್ಲಿ ಶುರುಮಾಡುವ ದಾರಿಯನ್ನಾದರೂ ಇಲ್ಲಿ ಯಾರಾದರೂ ಗಟ್ಟಿಯಾಗಿ ಹಿಡಿಯಬೇಕಿತ್ತು.

ವರ್ಜಿನ್ ಕಾಲದ ತಂಡ ಗ್ರಾಫಿಕ್ ಇಂಡಿಯಾ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಸಿ, ಕುರುಕ್ಷೇತ್ರದ ಹದಿನೆಂಟು ದಿನಗಳನ್ನು ಆಧರಿಸಿದ ಗ್ರಾಂಟ್ ಮಾರಿಸನ್ ಅವರ ‘18 ಡೇಸ್’ ಅನ್ನು 2015ರಿಂದ ಸರಣಿಯಾಗಿ ತಂದಿತು. ಅಮರ ಚಿತ್ರಕಥೆಯ ಹಳೆಯ ಪುಸ್ತಿಕೆಗಳಲ್ಲಿ ಕೆಲವು ಪುಟಕ್ಕೆ ಮುಗಿಯುತ್ತಿದ್ದ ಯುದ್ಧಕ್ಕೆ ಇಲ್ಲಿ ದಿನದ ಲೆಕ್ಕದಲ್ಲಿ ಜಾಗ ಸಿಕ್ಕಿತು, ಇಂಗ್ಲಿಷಿನಲ್ಲಿ. ಪವಿತ್ರ್ ಪ್ರಭಾಕರ್ ಕನ್ನಡ ಮಾತಾಡಿದ್ದು 2023ರ ಜೂನ್‌ನಲ್ಲಿ, ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಭಾರತದಲ್ಲಿ ಇಂಗ್ಲಿಷ್ ಸೇರಿ ಹತ್ತು ಭಾಷೆಗಳಲ್ಲಿ ತೆರೆಕಂಡಾಗ. ಆ ಚಿತ್ರದಲ್ಲಿ ಅವನ ಪರಿಚಯಕ್ಕೆ ಮೀಸಲಾದದ್ದು ಕೆಲವೇ ಕ್ಷಣ: ಓಡುವ ಚಿತ್ರಗಳ ಸಾಲು, ಒಂದೇ ಉಸಿರಿನ ಮಾತು, ನಂತರ ಕಟ್ಟಡಗಳ ನಡುವೆ ಜಿಗಿತ. 1938ರಲ್ಲಿ ಸೂಪರ್‌ಮ್ಯಾನ್‌ಗೆ ಸಿಕ್ಕ ಒಂದು ಪುಟದಷ್ಟೇ ಹೊತ್ತು ಅದು.